ದೊಡ್ಡ ಪಾತ್ರೆಯಲ್ಲೇ ಮಾಡಬೇಕಾದ ಸಿಹಿ

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರುವಾದರೆ ಕೆರಿಬಿಯನ್ ದೇಶ ಡೊಮಿನಿಕನ್ ರಿಪಬ್ಲಿಕ್‌ನ ರಾಜಧಾನಿ ಸ್ಯಾಂಟೊ ಡೊಮಿಂಗೊದಲ್ಲಿ ಮನೆಮನೆಯಲ್ಲೂ ಚಕ್ಕೆ, ಲವಂಗದ ವಾಸನೆ. ಬೇಯುತ್ತಿರುವುದು ಅಬಿಚುಯೆಲಾಸ್ ಕೋನ್ ದುಲ್ಸೆ, ಅಂದರೆ ಕೆಂಪು ಕಾಳಿನ ಸಿಹಿ. ಕಡಲೆಬೇಳೆ ಪಾಯಸ ಉಂಡು ಬೆಳೆದ ನನಗೆ ಕಾಳು, ತೆಂಗಿನಹಾಲು, ಸಿಹಿ ಒಟ್ಟಿಗೆ ಸೇರುವುದು ವಿಚಿತ್ರ ಅನ್ನಿಸಲೇ ಇಲ್ಲ. ಕಲಿಸಿಕೊಟ್ಟವರು ಎದುರು ಮನೆಯ ದೊನ್ಯಾ. ಇಲ್ಲಿ ಹಿರಿಯ ಹೆಂಗಸರನ್ನು ಹಾಗೇ ಕರೆಯುವುದು.

ನಾನು ಪುಟ್ಟ ಪಾತ್ರೆ ತೆಗೆದಾಗ ಅವರು, "ಅದನ್ನು ಒಳಗಿಡು ಮಗಳೇ, ಅಕ್ಕಪಕ್ಕದವರಿಗೆ ಏನು ಕೊಡ್ತೀಯ?" ಅಂದರು. ಮನೆಯವರಿಗಷ್ಟೇ ಅಂತ ಇದನ್ನು ಯಾರೂ ಮಾಡುವುದಿಲ್ಲ. ನನಗೆ ಈ ಅಡುಗೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

ಅರ್ಧ ಕಿಲೋ ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕುತ್ತೇನೆ. ರಾಜ್ಮಾ ಆದರೂ ನಡೆಯುತ್ತದೆ. ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೇಯಬೇಕು. ಬೆಂದ ನೀರನ್ನು ಚೆಲ್ಲಬಾರದು, ಬಣ್ಣ ಅದರಲ್ಲೇ ಇರುತ್ತದೆ. ಆ ನೀರಿನ ಜೊತೆಗೇ ನುಣ್ಣಗೆ ರುಬ್ಬಿ ಜರಡಿಯಲ್ಲಿ ಸೋಸುತ್ತೇನೆ. ಬೇಸರ ಅಂತ ಸೋಸುವುದನ್ನು ಬಿಡಬೇಡಿ. ಸಿಪ್ಪೆ ಉಳಿದರೆ ತಿನ್ನುವಾಗ ನಾಲಿಗೆಗೆ ತರಿತರಿ ಸಿಗುತ್ತದೆ.

ಆಮೇಲೆ ಎರಡು ಡಬ್ಬಿ ತೆಂಗಿನಹಾಲು, ಎರಡು ಡಬ್ಬಿ ಎವಾಪೊರೇಟೆಡ್ ಹಾಲು (ನೀರಿನಂಶ ಇಂಗಿಸಿದ, ಸಕ್ಕರೆ ಹಾಕದ ಹಾಲು), ಒಂದೂವರೆ ಕಪ್ ಸಕ್ಕರೆ, ಚಕ್ಕೆ, ಲವಂಗ, ಸ್ವಲ್ಪ ಜಾಯಿಕಾಯಿ, ಚಿಟಿಕೆ ಉಪ್ಪು. ಉರಿ ಸಣ್ಣದಿರಲಿ. ಇಲ್ಲಿಂದ ಮುಂದೆ ಒಲೆ ಬಿಟ್ಟು ಅಲ್ಲಾಡುವಂತಿಲ್ಲ, ಕಾಳಿನ ಹಿಟ್ಟು ಬೇಗ ತಳ ಹಿಡಿಯುತ್ತದೆ. ಮರದ ಸೌಟಿನಲ್ಲಿ ಕೈಯಾಡಿಸುತ್ತಲೇ ಇರಬೇಕು. ದೊನ್ಯಾ ಅವರ ಮನೆಯಲ್ಲಿ ಸೌಟು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತದೆ. ಮಾತು ಮಾತ್ರ ನಿಲ್ಲುವುದಿಲ್ಲ. ನನ್ನ ಸ್ಪ್ಯಾನಿಷ್ ಕಿವಿ ಪಳಗಿದ್ದು ತರಗತಿಗಿಂತ ಜಾಸ್ತಿ ಆ ಒಲೆಯ ಮುಂದೆಯೇ. ಪದದ ಕೊನೆಯ 'ಸ್' ನುಂಗಿ, ಒಂದೇ ಉಸಿರಿಗೆ ಮಾತಾಡುವ ಜನ ಇವರು. ಅವರ ವೇಗಕ್ಕೆ ನಾನು ಹೊಂದಿಕೊಳ್ಳಲು ಇಷ್ಟು ಹೊತ್ತು ಜೊತೆಯಲ್ಲಿ ನಿಲ್ಲಿಸುವ ಕೆಲಸವೇ ಬೇಕಿತ್ತು.

ಬೇರೆಯಾಗಿ ಬೇಯಿಸಿದ ಗೆಣಸಿನ ತುಂಡು, ಒಣದ್ರಾಕ್ಷಿ, ಒಂದು ಚಮಚ ಬೆಣ್ಣೆ, ವೆನಿಲ್ಲಾ ಕೊನೆಗೆ. ಸೌಟಿನ ಬೆನ್ನಿಗೆ ತೆಳುವಾಗಿ ಅಂಟಿದರೆ ಒಲೆ ಆರಿಸಿ, ಆರುತ್ತಾ ತಾನೇ ಗಟ್ಟಿಯಾಗುತ್ತದೆ.

ಮೇಲೆ ಸಣ್ಣ ಹಾಲಿನ ಬಿಸ್ಕತ್ತು ಇಡುತ್ತಾರೆ. ಕೆಲವರು ಕಸಾಬೆ ನೆಂಚಿಕೊಳ್ಳುತ್ತಾರೆ. ಅದು ಮರಗೆಣಸಿನ ತೆಳು ಗರಿಗರಿ ರೊಟ್ಟಿ. ಸ್ಪೇನಿನವರು ಬರುವ ಮೊದಲೇ ಈ ದ್ವೀಪದ ತೈನೊ ಜನ ಮಾಡುತ್ತಿದ್ದದ್ದು. ಅದನ್ನು ಮಾಡುವ ಬಗೆಯನ್ನು ಯುನೆಸ್ಕೊ 2024ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನನಗೆ ಬಿಸ್ಕತ್ತಿಗಿಂತ ಕಸಾಬೆಯೇ ಸರಿ, ಸಿಹಿಗೆ ಒಂದು ಸಪ್ಪೆ ಜೊತೆ ಬೇಕಲ್ವಾ?

ಬಿಸಿಯಾಗಿಯೂ ತಿನ್ನುತ್ತಾರೆ, ಫ್ರಿಜ್‌ನಲ್ಲಿಟ್ಟು ತಣ್ಣಗೂ ತಿನ್ನುತ್ತಾರೆ. ಹಂಚಲು ಮುಚ್ಚಳದ ಡಬ್ಬಿಗಳನ್ನು ಮೊದಲೇ ತೊಳೆದಿಟ್ಟುಕೊಳ್ಳಿ. ನೀವು ಕೊಟ್ಟ ಮನೆಯಿಂದ ಅವರದ್ದೂ ಒಂದು ಡಬ್ಬಿ ಬರಬಹುದು, ಫ್ರಿಜ್‌ನಲ್ಲಿ ಅದಕ್ಕೂ ಜಾಗ ಇರಲಿ.