ದನಿ ಬೀಳದಂತೆ ಪಾಠ ಮಾಡುವುದು ಹೇಗೆ?

ಶಾಲೆ ಶುರುವಾಗಿ ಮೂರು ವಾರ ಕಳೆಯುವಷ್ಟರಲ್ಲಿ ಸ್ಟಾಫ್‌ರೂಮಿನಲ್ಲಿ ಒಬ್ಬರಾದರೂ ಗಂಟಲು ಹಿಡಿದುಕೊಂಡು ಕೂತಿರುತ್ತಾರೆ. "ಏನ್ ಮಿಸ್, ದನಿನೇ ಇಲ್ವಲ್ಲ?" ಎಂದು ಕೇಳಿದರೆ "ಶುರುನಲ್ಲಿ ಹೀಗೇ ಸರ್, ಆಮೇಲೆ ಸರಿಹೋಗುತ್ತೆ" ಎನ್ನುತ್ತಾರೆ. ಎಷ್ಟೋ ಜನರಿಗೆ ಸರಿಹೋಗುವುದಿಲ್ಲ. ದಸರಾ ರಜೆಯಲ್ಲಿ ಸ್ವಲ್ಪ ಸುಧಾರಿಸಿದ ದನಿ ನವೆಂಬರಿನಲ್ಲಿ ಮತ್ತೆ ಒಡೆಯುತ್ತದೆ, ಪರೀಕ್ಷೆಯ ಹೊತ್ತಿಗೆ ಗೊಗ್ಗರು ದನಿಯೇ ಕಾಯಂ ಆಗಿಬಿಡುತ್ತದೆ. ದನಿಯನ್ನೇ ನಂಬಿ ಬದುಕುವ ಕಸುಬುಗಳಲ್ಲಿ ಧ್ವನಿಯ ತೊಂದರೆ ಅತಿ ಹೆಚ್ಚು ಕಾಡುವುದು ಶಿಕ್ಷಕರನ್ನು, ಅವರಲ್ಲೂ ಮಹಿಳೆಯರನ್ನು. ಆದರೂ ಬಿ.ಇಡಿ, ಡಿ.ಇಡಿ ಓದುವಾಗ ದನಿ ಬಳಸುವುದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಇದು ಗಂಟಲಿಗೆ ಮಾತ್ರ ಸಂಬಂಧಿಸಿದ ವಿಷಯವೂ ಅಲ್ಲ. ತರಗತಿಯನ್ನು ಹೇಗೆ ಜೋಡಿಸುತ್ತೀರಿ, ಮೊಬೈಲನ್ನು ಹೇಗೆ ಬಳಸುತ್ತೀರಿ, ಸಂಜೆ ಮನೆಯಲ್ಲಿ ಹೇಗಿರುತ್ತೀರಿ ಎಂಬುದೆಲ್ಲ ದನಿಯಲ್ಲಿ ಕೇಳಿಸುತ್ತದೆ.

ಮೊದಲು, ಒಳಗೆ ಏನಾಗುತ್ತದೆ ಎಂದು ತಿಳಿಯಿರಿ

ಧ್ವನಿಪೆಟ್ಟಿಗೆಯೊಳಗೆ ಎರಡು ಪುಟ್ಟ ಮಡಿಕೆಗಳಿವೆ. ಅವನ್ನು ಧ್ವನಿತಂತುಗಳು ಎನ್ನುತ್ತಾರೆ. ಶ್ವಾಸಕೋಶದಿಂದ ಮೇಲೆ ಬರುವ ಗಾಳಿಗೆ ಅವು ಒಂದಕ್ಕೊಂದು ತಾಗಿ ಕಂಪಿಸಿದಾಗ ದನಿ ಹುಟ್ಟುತ್ತದೆ. ಸಾಮಾನ್ಯ ಮಾತಿನಲ್ಲಿ ಗಂಡಸರ ತಂತುಗಳು ಸೆಕೆಂಡಿಗೆ ಸುಮಾರು 100ರಿಂದ 125 ಸಲ, ಹೆಂಗಸರವು ಸುಮಾರು 200 ಸಲ ಬಡಿದುಕೊಳ್ಳುತ್ತವೆ. 40 ನಿಮಿಷದ ಪೀರಿಯಡ್ಡಿನಲ್ಲಿ ಒಬ್ಬ ಶಿಕ್ಷಕಿಯ ದನಿ 20 ನಿಮಿಷ ಹೊರಟಿತು ಎಂದುಕೊಳ್ಳಿ. ಆ ಒಂದು ಪೀರಿಯಡ್ಡಿಗೇ 2 ಲಕ್ಷ 40 ಸಾವಿರ ಬಡಿತ ಆಯಿತು. ಏರುದನಿಯಲ್ಲಿ ಸಂಖ್ಯೆಯೂ ಏರುತ್ತದೆ, ಬಡಿತದ ಬಿರುಸೂ ಏರುತ್ತದೆ. ದಿನವೂ ಗುದ್ದಲಿ ಹಿಡಿದವರ ಅಂಗೈಯಲ್ಲಿ ಬೊಬ್ಬೆ ಎದ್ದು ಜಡ್ಡುಗಟ್ಟುವ ಹಾಗೆ, ಪೆಟ್ಟು ಹೆಚ್ಚು ಬೀಳುವ ನಡುಭಾಗದಲ್ಲಿ ತಂತುಗಳ ಅಂಚು ಊದಿಕೊಂಡು ಕ್ರಮೇಣ ಗಂಟಾಗುತ್ತದೆ. ಗಂಟು ಬಂದ ತಂತುಗಳು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ನಡುವೆ ಗಾಳಿ ಸೋರಿ ದನಿ ಗೊಗ್ಗರಾಗುತ್ತದೆ. ಅದನ್ನು ಸರಿದೂಗಿಸಲು ನಾವು ಇನ್ನೂ ಒತ್ತಿ ಮಾತಾಡುತ್ತೇವೆ, ಪೆಟ್ಟು ಇನ್ನೂ ಜೋರಾಗುತ್ತದೆ.

ಗದ್ದಲ ಇದ್ದಲ್ಲಿ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ವಿವರಿಸಿದ್ದರು. "ನಾನು ಕೂಗುವುದಿಲ್ಲ" ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಹೋದರೂ ನಿಮ್ಮಿಂದ ಆಗದಿರುವುದು ಇದಕ್ಕೇ. ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಗಂಟಲಿನಿಂದಲ್ಲ, ಕೊಠಡಿಯಿಂದ.

ಕೊಠಡಿಯ ಸದ್ದು ಇಳಿಸಿ

ಪಾಠ ನಡೆಯುವಾಗ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ. ಹೆದ್ದಾರಿ ಪಕ್ಕದ ಶಾಲೆಯಲ್ಲಿ, ನಡುವೆ ಅರ್ಧ ಗೋಡೆಯಷ್ಟೇ ಇರುವ ಎರಡು ತರಗತಿಗಳಲ್ಲಿ ಅದು ಕನಸಿನ ಮಾತು. ಆದರೂ ಇಳಿಸಬಹುದಾದಷ್ಟು ಇಳಿಸಲೇಬೇಕು. ಹಿಂದಿನ ಬೆಂಚಿಗೆ ಮಾತು ಸ್ಪಷ್ಟವಾಗಿ ಕೇಳಬೇಕಾದರೆ ನಿಮ್ಮ ದನಿ ಆ ಸದ್ದಿಗಿಂತ ಸುಮಾರು 15 ಡೆಸಿಬೆಲ್ ಮೇಲಿರಬೇಕು. ಸದ್ದು 65 ಇದ್ದರೆ ನಿಮ್ಮದು 80 ಆಗಬೇಕು. ಅದು ಮಾತಲ್ಲ, ಕೂಗು.

ಮಕ್ಕಳು ಬರುವ ಮುಂಚೆ ಖಾಲಿ ಕೊಠಡಿಯಲ್ಲಿ ಐದು ನಿಮಿಷ ಕೂತು ಕೇಳಿಸಿಕೊಳ್ಳಿ. ಫ್ಯಾನು ಕಿರಗುಟ್ಟುತ್ತಿದೆಯೇ? ಒಂದು ತೊಟ್ಟು ಎಣ್ಣೆ ಸಾಕಾಗಬಹುದು. ಕಬ್ಬಿಣದ ಕುರ್ಚಿ, ಡೆಸ್ಕುಗಳು ಸಿಮೆಂಟ್ ನೆಲಕ್ಕೆ ಕಿರ್ರೆನ್ನುತ್ತವೆಯೇ? ಸೈಕಲ್ ಅಂಗಡಿಯಲ್ಲಿ ಹಳೆ ಟ್ಯೂಬ್ ಕೇಳಿ ತಂದು, ತುಂಡು ಮಾಡಿ ಕಾಲುಗಳಿಗೆ ಬಿಗಿಯಾಗಿ ತೊಡಿಸಿ. ಮೂವತ್ತು ಮಕ್ಕಳು ಒಟ್ಟಿಗೆ ಎದ್ದು ನಿಂತಾಗ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಬರಿ ಗೋಡೆ, ಬರಿ ನೆಲದ ಕೊಠಡಿ ಗುಂಯ್‌ಗುಡುತ್ತದೆ. ಜಮಖಾನ ಹಾಸಿದರೆ, ಕಿಟಕಿಗೆ ದಪ್ಪ ಬಟ್ಟೆಯ ಪರದೆ ಕಟ್ಟಿದರೆ ಪ್ರತಿಧ್ವನಿ ಕಡಿಮೆಯಾಗುತ್ತದೆ. ರಸ್ತೆ ಕಡೆಯ ಕಿಟಕಿಯನ್ನು ಕತೆ ಹೇಳುವ, ಹೊಸ ಪಾಠ ಬಿಡಿಸುವ ಹೊತ್ತಿಗಾದರೂ ಮುಚ್ಚಿ.

ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮಾತ್ರ ಯಾವ ಉಪಾಯವೂ ನಡೆಯದು. ಮಲೆನಾಡು, ಕರಾವಳಿಯ ಶಿಕ್ಷಕರಿಗೆ ಇದನ್ನು ಹೇಳಬೇಕಾಗಿಲ್ಲ. ಮಳೆಯ ಜೊತೆ ಪೈಪೋಟಿಗೆ ಇಳಿಯಬೇಡಿ. ಜೂನ್ ಆರಂಭದಲ್ಲೇ ಒಂದು ಡಬ್ಬದಲ್ಲಿ ಬಾಯಿಮಾತು ಬೇಡದ ಕೆಲಸದ ಕಾರ್ಡುಗಳನ್ನು ಬರೆದಿಟ್ಟುಕೊಳ್ಳಿ: ಚಿತ್ರ ನೋಡಿ ಐದು ವಾಕ್ಯ, ಗುಣಾಕಾರದ ಚೌಕ, ನಕಾಶೆ ತುಂಬುವುದು, ಲೈಬ್ರರಿ ಪುಸ್ತಕದ ಒಂದು ಪುಟ. ಮಳೆ ಜೋರಾದ ಕೂಡಲೇ ಡಬ್ಬ ತೆರೆಯಲಿ, ನಿಮ್ಮ ಬಾಯಿ ಮುಚ್ಚಲಿ.

ಕೂಗದೆ ಗಮನ ಸೆಳೆಯಿರಿ

ದನಿ ಅತಿ ಹೆಚ್ಚು ಹಾಳಾಗುವುದು ಪಾಠದಲ್ಲಲ್ಲ, "ಏಯ್, ಸುಮ್ನಿರ್ರೋ!" ಎನ್ನುವುದರಲ್ಲಿ. ತಟ್ಟನೆ ಹೊರಡುವ ಆ ಕೂಗಿಗೆ ತಂತುಗಳು ಒಂದನ್ನೊಂದು ಜೋರಾಗಿ ಅಪ್ಪಳಿಸುತ್ತವೆ. ಅದರ ಜಾಗಕ್ಕೆ ಇನ್ನೊಂದು ಸಂಕೇತ ತನ್ನಿ. ಭಜನೆಗೆ ಬಳಸುವ ಒಂದು ಜೊತೆ ತಾಳ ಅತ್ಯುತ್ತಮ. ಅದರ ಸದ್ದು ಮಕ್ಕಳ ಮಾತಿಗಿಂತ ತೆಳುವಾಗಿ, ಮೇಲಿನ ಸ್ಥಾಯಿಯಲ್ಲಿ ಕೇಳುವುದರಿಂದ ಗದ್ದಲವನ್ನು ಸೀಳಿಕೊಂಡು ಹೋಗುತ್ತದೆ.

ಆದರೆ ತಾಳ ತಂದಿಟ್ಟ ಮಾತ್ರಕ್ಕೆ ಆಗಿಬಿಡುವುದಿಲ್ಲ, ಅದನ್ನು ಪಾಠದ ಹಾಗೆ ಕಲಿಸಬೇಕು. ಮೊದಲ ವಾರ ದಿನಕ್ಕೆ ಕೆಲವು ಸಲ ಆಟದ ಹಾಗೆ ಆಡಿಸಿ. "ಎಲ್ಲರೂ ಜೋರಾಗಿ ಮಾತಾಡಿ" ಎನ್ನಿ, ಗದ್ದಲ ಏರಲಿ. ಒಂದೇ ಒಂದು ಸಲ ತಾಳ ತಟ್ಟಿ. ಆ ನಾದ ಪೂರ್ತಿ ಅಡಗುವುದರೊಳಗೆ ಪೆನ್ಸಿಲ್ ಕೆಳಗಿಟ್ಟು ನಿಮ್ಮನ್ನು ನೋಡಬೇಕು, ಅಷ್ಟೇ ನಿಯಮ. ನಾದ ಅಡಗುವವರೆಗೆ ಕಿವಿಗೊಟ್ಟು ಕೇಳುವುದು ಮಕ್ಕಳಿಗೆ ತುಂಬಾ ಇಷ್ಟ. ಒಂದನೇ ತರಗತಿಯವರಂತೂ ಉಸಿರು ಬಿಗಿಹಿಡಿದು ಕೂರುತ್ತಾರೆ. ಪೂರ್ತಿ ನಿಶ್ಶಬ್ದವಾಗುವವರೆಗೆ ನೀವು ತುಟಿ ಬಿಚ್ಚಬಾರದು. ಇಬ್ಬರು ಇನ್ನೂ ಪಿಸುಗುಡುತ್ತಿದ್ದರೆ ಅವರ ಪಕ್ಕ ಹೋಗಿ ನಿಲ್ಲಿ. ನಾಲ್ಕು ಜನ ಬಿಟ್ಟು ಉಳಿದವರೆಲ್ಲ ಸುಮ್ಮನಾದರಲ್ಲ ಎಂದು ಮಾತು ಶುರುಮಾಡಿದಿರೋ, ತಾಳಕ್ಕೆ ಬೆಲೆ ಇಲ್ಲ ಎಂದು ನೀವೇ ಕಲಿಸಿದ ಹಾಗಾಯಿತು. ಪೀರಿಯಡ್ಡಿಗೆ ಮೂರ್ನಾಲ್ಕು ಸಲಕ್ಕಿಂತ ಹೆಚ್ಚು ತಟ್ಟಬೇಡಿ.

ಶಿಕ್ಷಕರು ಮೆಲ್ಲಗೆ ಮಾತಾಡಿದರೆ ಮಕ್ಕಳೂ ಮೆಲ್ಲಗೆ ಮಾತಾಡುತ್ತಾರೆ. ಅವರ ಗಂಟಲೂ ಉಳಿಯುತ್ತದೆ, ಏಕೆಂದರೆ ಕಿರುಚಾಡುವ ಮಕ್ಕಳಿಗೂ ತಂತುಗಳಲ್ಲಿ ಗಂಟು ಬರುತ್ತದೆ.

ಆಡಬೇಕಿಲ್ಲದ ಮಾತುಗಳನ್ನು ಬಿಡಿ

ಒಂದು ದಿನ ಮೊಬೈಲಿನ ರೆಕಾರ್ಡರ್ ಹಾಕಿ ನಿಮ್ಮದೇ ಒಂದು ಪೀರಿಯಡ್ ದಾಖಲಿಸಿ, ಮನೆಯಲ್ಲಿ ಕೂತು ಕೇಳಿ, ಆಮೇಲೆ ಅಳಿಸಿಬಿಡಿ. ಅದೇ ಅದೇ ಮಾತು ಎಷ್ಟು ಸಲ ಬರುತ್ತದೆ ಎಂಬುದು ಆಗ ಗೊತ್ತಾಗುತ್ತದೆ. "ಎಷ್ಟನೇ ಪುಟ ಸರ್?" ಎಂಬ ಪ್ರಶ್ನೆಗೆ ಹತ್ತು ಸಲ ಉತ್ತರಿಸುವ ಬದಲು ಬೋರ್ಡಿನ ಬಲಮೂಲೆಯಲ್ಲಿ ಪುಟ, ಲೆಕ್ಕದ ಸಂಖ್ಯೆ, ಮುಗಿಸಬೇಕಾದ ಹೊತ್ತು ಬರೆದುಬಿಡಿ, ಕೇಳಿದವರಿಗೆ ಬೆರಳು ತೋರಿಸಿದರಾಯಿತು. ಮಗು ಹೇಳಿದ ಉತ್ತರವನ್ನು ಇಡೀ ತರಗತಿಗೆ ಮತ್ತೊಮ್ಮೆ ಗಟ್ಟಿಯಾಗಿ ಹೇಳುವ ಅಭ್ಯಾಸ ನಮ್ಮೆಲ್ಲರದೂ. ಅದನ್ನು ಬಿಟ್ಟು "ಅವಳು ಏನೆಂದಳು, ನೀನು ಹೇಳು" ಎಂದು ಹಿಂದಿನ ಬೆಂಚಿನವರನ್ನು ಕೇಳಿ. ಮಕ್ಕಳು ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳಲು ಶುರುಮಾಡುತ್ತಾರೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ಕಾಯುವುದನ್ನೂ ರೂಢಿಸಿಕೊಳ್ಳಿ. ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವೂ ಆಗುತ್ತದೆ, ಗಟ್ಟಿಯೂ ಆಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಮಕ್ಕಳಿಗೆ ಯೋಚಿಸಲು ಹೊತ್ತು, ನಿಮ್ಮ ತಂತುಗಳಿಗೆ ವಿರಾಮ. ಬೋರ್ಡಿಗೆ ಮುಖ ಮಾಡಿ ಬರೆಯುತ್ತಲೇ ಮಾತಾಡುವುದನ್ನಂತೂ ಪೂರ್ತಿ ಬಿಡಿ. ದನಿ ಗೋಡೆಗೆ ಹೋಗುತ್ತದೆ, ಚಾಕ್‌ಪೀಸಿನ ಪುಡಿ ಮೂಗಿಗೆ ಬರುತ್ತದೆ. ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ನಲಿಕಲಿ ಶಿಕ್ಷಕರಿಗೆ ಇಲ್ಲಿ ಒಂದು ಅನುಕೂಲವಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮಕ್ಕಳು ಗುಂಪುಗಳಲ್ಲಿ ಕೂತು ಕಾರ್ಡು ಹಿಡಿದು ಕಲಿಯುವುದರಿಂದ ಇಡೀ ಕೊಠಡಿಗೆ ಕೇಳುವಂತೆ ಮಾತಾಡುವ ಅಗತ್ಯವೇ ಕಡಿಮೆ. ಗುಂಪಿನ ಜೊತೆ ನೆಲದ ಮೇಲೆ ಕೂತು, ಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿಕೊಡಿ. ಮೇಲಿನ ತರಗತಿಯವರೂ ವಾರಕ್ಕೆ ಒಂದೆರಡು ಪೀರಿಯಡ್ ಹೀಗೆ ನಡೆಸಬಹುದು.

ಮೈಕು, ಮೊಬೈಲು

ಮಾರುಕಟ್ಟೆಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಸ್ಪೀಕರು, ಕಿವಿಗೆ ಸಿಕ್ಕಿಸುವ ಮೈಕು ಸಿಗುತ್ತವೆ. ಇದನ್ನು ಹಾಕಿಕೊಳ್ಳಲು ಬಹಳ ಜನ ನಾಚುತ್ತಾರೆ. ನಾಚಬೇಡಿ. ಧ್ವನಿಯ ತೊಂದರೆ ಇದ್ದ ಶಿಕ್ಷಕರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಂಟಲಿನ ಆರೈಕೆಯ ಉಪದೇಶ ಮಾತ್ರ ಪಡೆದವರಿಗಿಂತ ಮೈಕು ಬಳಸಿದವರು ಸ್ಪಷ್ಟವಾಗಿ ಸುಧಾರಿಸಿದ್ದರು. ಮೈಕು ತುಟಿಯ ಅಂಚಿನಿಂದ ಎರಡು ಬೆರಳು ದೂರವಿರಲಿ, ನೇರ ಬಾಯಿಯ ಮುಂದೆ ಬೇಡ. ಮೈಕು ಸ್ಪೀಕರಿನ ಎದುರಿಗೆ ಬಂದರೆ ಕುಂಯ್ ಎನ್ನುತ್ತದೆ, ಆಗ ಸದ್ದು ಸ್ವಲ್ಪ ಇಳಿಸಿ. ಮುಖ್ಯವಾದದ್ದು, ಮೈಕು ಇದೆ ಎಂದು ನೆನಪಿಟ್ಟುಕೊಂಡು ಪಕ್ಕದಲ್ಲಿ ಕೂತವರೊಡನೆ ಆಡುವ ಹಾಗೆ ಮಾತಾಡುವುದು. ಮೈಕಿನಲ್ಲೂ ಕೂಗಿದರೆ ಪ್ರಯೋಜನವಿಲ್ಲ, ಪಕ್ಕದ ತರಗತಿಗೂ ಕಾಟ.

ಉಕ್ತಲೇಖನಕ್ಕೆ ಮೊಬೈಲು ಬಳಸಿ ನೋಡಿ. ಹಿಂದಿನ ದಿನವೇ ಪದಗಳನ್ನು ನಿಧಾನವಾಗಿ, ಪ್ರತಿ ಪದದ ನಡುವೆ ಬರೆಯುವಷ್ಟು ಬಿಡುವು ಕೊಟ್ಟು ರೆಕಾರ್ಡ್ ಮಾಡಿ. ತರಗತಿಯಲ್ಲಿ ಸ್ಪೀಕರಿಗೆ ಹಾಕಿ ಎರಡು ಸಲ ಕೇಳಿಸಿ. ನಿಮ್ಮದೇ ದನಿ ಪದ ಹೇಳುತ್ತಿರುತ್ತದೆ, ನೀವು ಸಾಲುಗಳ ನಡುವೆ ನಡೆಯುತ್ತ ಯಾರಿಗೆ ಒತ್ತಕ್ಷರ ಬರುತ್ತಿಲ್ಲ, ಯಾರು ದೀರ್ಘ ಬಿಡುತ್ತಿದ್ದಾರೆ ಎಂದು ಅಲ್ಲಲ್ಲೇ ನೋಡಬಹುದು. ಪದ್ಯದ ರಾಗವನ್ನೂ ಹೀಗೆ ಒಮ್ಮೆ ಹಾಡಿ ಇಟ್ಟುಕೊಂಡರೆ ಮೂರು ಸೆಕ್ಷನ್ನಿಗೂ ಆಗುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ತೆರೆಯುವ, ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದ ವಿಡಿಯೊಗಳನ್ನು ನೆಟ್‌ವರ್ಕ್ ಇರುವಲ್ಲಿ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಶಾಲೆಯಲ್ಲಿ ಸುತ್ತುವ ಚಕ್ರ ನೋಡುತ್ತ ನಿಂತರೆ ಗದ್ದಲ ಏರುತ್ತದೆ, ಅದನ್ನು ಅಡಗಿಸಲು ಮತ್ತೆ ಕೂಗಬೇಕಾಗುತ್ತದೆ.

ನೀರು, ಊಟ, ಒಂದು ಸ್ಟ್ರಾ

ತಂತುಗಳು ಒದ್ದೆಯಾಗಿದ್ದರೆ ಸವೆತ ಕಡಿಮೆ. ಪೀರಿಯಡ್ಡಿಗೆ ನಾಲ್ಕೈದು ಗುಟುಕು ನೀರು ಕುಡಿಯಿರಿ ಎನ್ನುವುದು ಸುಲಭ. ಆದರೆ ಎಷ್ಟೋ ಶಿಕ್ಷಕಿಯರು ಬೆಳಗಿನಿಂದ ಸಂಜೆಯವರೆಗೆ ಬೇಕೆಂದೇ ನೀರು ಮುಟ್ಟುವುದಿಲ್ಲ, ಶಾಲೆಯ ಶೌಚಾಲಯ ಬಳಸುವ ಸ್ಥಿತಿಯಲ್ಲಿರುವುದಿಲ್ಲ. ಅವರಿಗೆ ನೀರು ಕುಡಿಯಿರಿ ಎಂದು ಉಪದೇಶಿಸುವುದು ಅನ್ಯಾಯ. ಇದನ್ನು ಮುಖ್ಯ ಶಿಕ್ಷಕರು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಸಿ ಗ್ರಾಮ ಪಂಚಾಯಿತಿಯ ಮುಂದೆ ಇಡಬೇಕು. ಒಂದು ಬಾಗಿಲ ಚಿಲಕ, ಒಂದು ನಲ್ಲಿ ದುರಸ್ತಿಯಾದರೆ ದನಿಯೂ ಉಳಿಯುತ್ತದೆ, ಮೂತ್ರದ ಸೋಂಕೂ ತಪ್ಪುತ್ತದೆ.

ಶುಂಠಿ, ಕಾಳುಮೆಣಸು, ಕಲ್ಲುಸಕ್ಕರೆ ಗಂಟಲಿಗೆ ಹಿತ ಕೊಡುತ್ತವೆ, ಬೇಡವೆನ್ನುವುದಿಲ್ಲ. ಆದರೆ ನುಂಗಿದ್ದು ಯಾವುದೂ ಧ್ವನಿತಂತುಗಳನ್ನು ನೇರವಾಗಿ ಮುಟ್ಟುವುದಿಲ್ಲ. ನುಂಗುವಾಗ ಅವು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಮುಟ್ಟುವುದು ಉಸಿರಿನ ಜೊತೆ ಹೋಗುವ ಹಬೆ. ಬೆಳಿಗ್ಗೆ ಎದ್ದಾಗಲೇ ದನಿ ಕಟ್ಟಿದ್ದರೆ ರಾತ್ರಿ ಊಟವಾದ ಕೂಡಲೇ ಮಲಗುವುದರಿಂದ ಹುಳಿ ಮೇಲೆ ಬರುತ್ತಿರಬಹುದು. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಅಂತರವಿರಲಿ. ಖ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವ ಬದಲು ಒಂದು ಗುಟುಕು ನೀರು ನುಂಗಿ.

ಪ್ರಾರ್ಥನೆಗೆ ಮುಂಚೆ ಒಂದು ಸಣ್ಣ ವ್ಯಾಯಾಮ. ಲೋಟದಲ್ಲಿ ಅರ್ಧ ನೀರು ತೆಗೆದುಕೊಂಡು ಎಳನೀರಿಗೆ ಹಾಕುವಂಥ ಸ್ಟ್ರಾವನ್ನು ಒಂದು ಅಂಗುಲ ಮುಳುಗಿಸಿ. ಸ್ಟ್ರಾ ಸುತ್ತ ತುಟಿ ಬಿಗಿದು, ಗುಳ್ಳೆ ಏಳುವ ಹಾಗೆ "ಊ..." ಎಂದು ಮೆಲ್ಲಗೆ ದನಿ ಹೊರಡಿಸಿ. ಕೆನ್ನೆ, ಹೆಗಲು ಸಡಿಲವಾಗಿರಲಿ. ದನಿಯನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸಿ. ಮೂರು ನಾಲ್ಕು ನಿಮಿಷ ಸಾಕು. ಬಾಯಿಯೊಳಗೆ ಉಳಿಯುವ ಗಾಳಿಯ ಒತ್ತಡದಿಂದ ತಂತುಗಳು ಅಪ್ಪಳಿಸದೆ ಹಗುರಾಗಿ ಕಂಪಿಸುತ್ತವೆ. ಧ್ವನಿ ಚಿಕಿತ್ಸಕರು ರೋಗಿಗಳಿಗೆ ಕಲಿಸುವುದೂ ಇದನ್ನೇ.

ಸಂಜೆಯ ಮೇಲೆ

ಮನಸ್ಸು ಬಿಗಿದಾಗ ಕತ್ತು, ಹೆಗಲು, ದವಡೆ ಬಿಗಿಯುತ್ತವೆ. ದನಿ ಇಕ್ಕಟ್ಟಿನಲ್ಲಿ ಹೊರಡುತ್ತದೆ. ಶಾಲೆ ಬಿಟ್ಟ ಮೇಲೂ ಮಾಹಿತಿ ಕೇಳುವ ಗ್ರೂಪುಗಳು, ಪೋಷಕರ ಕರೆಗಳು ನಿಲ್ಲದಿದ್ದರೆ ಗಂಟಲಿಗೂ ಬಿಡುವಿಲ್ಲ, ಮನಸ್ಸಿಗೂ ಇಲ್ಲ. ಪೋಷಕರ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ, ಕರೆಗೆ ಒಂದು ಹೊತ್ತು ಗೊತ್ತುಮಾಡಿ ಮೊದಲ ಪೋಷಕರ ಸಭೆಯಲ್ಲೇ ಹೇಳಿಬಿಡಿ. ಊರಿನವರು ಒಪ್ಪುತ್ತಾರೆ, ಹೇಳದಿದ್ದರೆ ಮಾತ್ರ ಅವರಿಗೆ ಗೊತ್ತಾಗುವುದಿಲ್ಲ. ನಿದ್ದೆ ಕೆಟ್ಟು, ಶಾಲೆಗೆ ಹೋಗುವ ಯೋಚನೆಯೇ ಭಾರವಾಗುತ್ತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಮಾನಸಿಕ ಆರೋಗ್ಯಕ್ಕಾಗಿ ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಉಚಿತ ಸೇವೆ ಅದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ದನಿ ಬಿದ್ದೇಹೋದರೆ

ಪಿಸುಮಾತಿನಲ್ಲಿ ಪಾಠ ಮಾಡಬೇಡಿ. ಬಲವಂತದ ಪಿಸುಮಾತು ಧ್ವನಿಪೆಟ್ಟಿಗೆಗೆ ವಿಶ್ರಾಂತಿಯಲ್ಲ, ಇನ್ನಷ್ಟು ಒತ್ತಡ. "ಇವತ್ತು ನನ್ನ ದನಿಗೆ ರಜೆ" ಎಂದು ಬೋರ್ಡಿನ ಮೇಲೆ ಬರೆದು, ಓದುವ ಕೆಲಸ ಮಕ್ಕಳಿಗೆ ಒಪ್ಪಿಸಿ. ಮಕ್ಕಳ ಕರುಣೆ ದೊಡ್ಡದು, ಅಂದಿನಷ್ಟು ಶಾಂತವಾದ ತರಗತಿ ಮತ್ತೆಂದೂ ಸಿಗದಿರಬಹುದು. ಮುಖ್ಯ ಶಿಕ್ಷಕರು ಆ ದಿನದ ಮಟ್ಟಿಗಾದರೂ ವೇಳಾಪಟ್ಟಿ ಬದಲಿಸಿ ಚಿತ್ರಕಲೆ, ಬರವಣಿಗೆಯಂಥ ಪೀರಿಯಡ್ ಕೊಡಲಿ. ಸತತ ನಾಲ್ಕು ಪೀರಿಯಡ್ ಭಾಷಾ ಪಾಠ ಯಾರಿಗೂ ಯಾವತ್ತೂ ಬೇಡ.

ನೆಗಡಿ ಜ್ವರ ಇಲ್ಲದೆಯೂ ಗೊಗ್ಗರು ದನಿ ಮೂರು ವಾರ ಮೀರಿದರೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ. ನುಂಗಲು ಕಷ್ಟ, ಕಫದಲ್ಲಿ ರಕ್ತ, ಉಸಿರಾಟದ ತೊಂದರೆ ಇದ್ದರೆ, ಕತ್ತಿನಲ್ಲಿ ಗಡ್ಡೆ ಕೈಗೆ ಸಿಕ್ಕರೆ ಅಷ್ಟು ದಿನವೂ ಕಾಯಬೇಡಿ. ಬೀಡಿ, ಸಿಗರೇಟು, ತಂಬಾಕಿನ ಅಭ್ಯಾಸ ಇದ್ದವರು ಇನ್ನೂ ಬೇಗ ಹೋಗಬೇಕು. ತಂತುಗಳನ್ನು ಕ್ಯಾಮೆರಾದಲ್ಲಿ ನೋಡುವ ಪರೀಕ್ಷೆ ಕೆಲವೇ ನಿಮಿಷದ್ದು. ಗಂಟು ಇದೆ ಎಂದರೆ ಹೆದರಬೇಡಿ, ಹೆಚ್ಚಿನವು ಆಪರೇಷನ್ ಇಲ್ಲದೆ ಧ್ವನಿ ಚಿಕಿತ್ಸೆಯಲ್ಲೇ ಕರಗುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ತಜ್ಞರಿದ್ದಾರೆ. ಹೋಗುವಾಗ ಒಂದು ಚೀಟಿಯಲ್ಲಿ ದಿನಕ್ಕೆ ಎಷ್ಟು ಪೀರಿಯಡ್, ತರಗತಿಯಲ್ಲಿ ಎಷ್ಟು ಮಕ್ಕಳು, ದನಿ ಯಾವ ಹೊತ್ತಿಗೆ ಕೆಡುತ್ತದೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಬರೆದುಕೊಂಡು ಹೋಗಿ. ಅಲ್ಲಿ ಕೂತು ಎಲ್ಲವನ್ನೂ ಬಾಯಲ್ಲಿ ಹೇಳುವ ಶ್ರಮವೂ ತಪ್ಪುತ್ತದೆ.