ಒಂದೇ ಟೆಸ್ಟ್ ನಂಬಬಾರದು: ನಾನು ಆಡಿಯಾಲಜಿಸ್ಟ್ ಆಗಿದ್ದು ಹೀಗೆ

ಆಡಿಯಾಲಜಿಯಲ್ಲಿ, ಅಂದರೆ ಕಿವಿ ಕೇಳಿಸುವಿಕೆಯ ವಿಜ್ಞಾನದಲ್ಲಿ, ಮಾಸ್ಟರ್ಸ್ ಮಾಡುತ್ತಿದ್ದೇನೆ ಅಂದಾಗೆಲ್ಲ ಜನ ಕೇಳುತ್ತಿದ್ದದ್ದು ಒಂದೇ. "ಹೆಡ್‌ಫೋನ್ ಹಾಕಿ ಬಟನ್ ಒತ್ತೋದು ತಾನೇ? ಅದಕ್ಕೆ ಅಷ್ಟು ಓದಬೇಕಾ?" ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಬಟನ್ ಒತ್ತೋದನ್ನು ಯಾರು ಬೇಕಾದರೂ ಬೇಗ ಕಲಿಯಬಹುದು. ಒತ್ತಿದ ಮೇಲೆ ಬಂದ ನಂಬರನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಅನ್ನೋದು ಅಷ್ಟು ಬೇಗ ಬರುವುದಿಲ್ಲ. ನನ್ನ ತರಬೇತಿಯ ಬಹುಪಾಲು ಕಳೆದದ್ದು ಅದರಲ್ಲೇ.

ಕೋರ್ಸಿನ ಹೆಸರು, ಅವಧಿ ಒಂದೊಂದು ದೇಶದಲ್ಲಿ ಒಂದೊಂದು ಥರ. ಕೆಲವು ಕಡೆ 2 ವರ್ಷದ ಮಾಸ್ಟರ್ಸ್, ಅಮೆರಿಕದಲ್ಲಿ ಸಾಮಾನ್ಯವಾಗಿ 4 ವರ್ಷದ ಕ್ಲಿನಿಕಲ್ ಡಾಕ್ಟರೇಟ್. ಒಳಗಿನ ಸರಕು ಮಾತ್ರ ಹೆಚ್ಚೂಕಡಿಮೆ ಅದೇ. ಕ್ಲಾಸು, ಕ್ಲಿನಿಕ್ ಪೋಸ್ಟಿಂಗ್, ಒಂದು ಸಂಶೋಧನಾ ಪ್ರಬಂಧ, ಮತ್ತೆ ಸೂಪರ್‌ವೈಸರ್ ಸಹಿ ಬೀಳಬೇಕಾದ ಲಾಗ್‌ಬುಕ್.

ನಾನು ಜೀವಶಾಸ್ತ್ರದ ಆಸೆಗೆ ಬಂದವಳು. ಮೊದಲು ಎದುರಾದದ್ದು ಭೌತಶಾಸ್ತ್ರ. ಡೆಸಿಬೆಲ್ ಅನ್ನೋದು ಲಾಗರಿದಮ್ ಅಳತೆ. ಆಡಿಯೋಮೀಟರಿನಲ್ಲಿ 0 ಡೆಸಿಬೆಲ್ ಅಂದರೆ ಶಬ್ದವೇ ಇಲ್ಲ ಅಂತಲ್ಲ. ಕಿವಿ ಚೆನ್ನಾಗಿರುವ ಯುವಕ ಯುವತಿಯರಿಗೆ ಸರಾಸರಿಯಾಗಿ ಕೇಳಿಸುವ ಅತಿ ಸಣ್ಣ ಶಬ್ದ ಅದು. ಕೆಲವರಿಗೆ ಮೈನಸ್ 5, ಮೈನಸ್ 10ರಲ್ಲೂ ಕೇಳಿಸುತ್ತದೆ. ಇದು ತಲೆಗೆ ಹತ್ತದಿದ್ದರೆ ಮುಂದಿನ ಯಾವುದೂ ಹತ್ತುವುದಿಲ್ಲ. ಗಣಿತಕ್ಕೆ ಹೆದರಿ ಈ ಭಾಗವನ್ನು ಬಾಯಿಪಾಠ ಮಾಡಿದವರು ಹಿಯರಿಂಗ್ ಏಡ್ ಪೇಪರಿಗೆ ಬಂದಾಗ ಒದ್ದಾಡಿದ್ದನ್ನು ನೋಡಿದ್ದೇನೆ.

ಕ್ಲಿನಿಕ್ಕಿನಲ್ಲಿ ಮೊದಲು ಕೈಗೆ ಕೊಟ್ಟದ್ದು ಆಟೋಸ್ಕೋಪ್, ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಉಪಕರಣ. ಅದನ್ನು ಹಿಡಿಯುವುದಕ್ಕೂ ಒಂದು ರೀತಿ ಇದೆ. ಹಿಡಿದ ಕೈಯ ಬೆರಳು ಎದುರಿನವರ ಕೆನ್ನೆಗೆ ತಾಗಿರಬೇಕು. ಅವರು ತಟ್ಟನೆ ತಲೆ ಅಲ್ಲಾಡಿಸಿದರೆ ಕೈಯೂ ಜೊತೆಗೇ ಹೋಗುತ್ತದೆ, ತುದಿ ಕಿವಿಯೊಳಗೆ ಚುಚ್ಚುವುದಿಲ್ಲ. ಮಕ್ಕಳ ವಿಷಯದಲ್ಲಂತೂ ಇದನ್ನು ಬಿಡುವ ಹಾಗೇ ಇಲ್ಲ. ಇಷ್ಟು ಸಣ್ಣ ವಿಷಯವನ್ನು ನಮ್ಮ ಸೂಪರ್‌ವೈಸರ್ ವಾರಗಟ್ಟಲೆ ನೋಡಿದರು. ಗುಗ್ಗೆ ತುಂಬಿದೆಯಾ, ತಮಟೆ ಕಾಣುತ್ತಿದೆಯಾ, ತೂತಿದೆಯಾ, ಎಲ್ಲವನ್ನೂ ಬರೆದ ಮೇಲೇ ಮುಂದಿನ ಟೆಸ್ಟ್.

ಆಮೇಲೆ ಪ್ಯೂರ್ ಟೋನ್, ಅಂದರೆ ಒಂದೇ ಫ್ರೀಕ್ವೆನ್ಸಿಯ ಶಬ್ದ ಕೊಟ್ಟು ಕೇಳಿಸುವ ಅತಿ ಸಣ್ಣ ಮಟ್ಟ ಹುಡುಕುವ ಟೆಸ್ಟ್. 1959ರಲ್ಲಿ ಕಾರ್ಹಾರ್ಟ್ ಮತ್ತು ಜರ್ಗರ್ ಬರೆದಿಟ್ಟ ವಿಧಾನವೇ ಇವತ್ತಿಗೂ ಬುನಾದಿ. ಕೇಳಿಸಿದರೆ 10 ಡೆಸಿಬೆಲ್ ಇಳಿಸು, ಕೇಳಿಸದಿದ್ದರೆ 5 ಏರಿಸು. 1000 ಹರ್ಟ್ಜ್‌ನಿಂದ ಶುರು, ಮೇಲಿನ ಫ್ರೀಕ್ವೆನ್ಸಿಗಳನ್ನು ಮುಗಿಸಿ ಮತ್ತೆ 1000ಕ್ಕೆ ಬಂದು ಒಮ್ಮೆ ನೋಡಿಕೊಳ್ಳಬೇಕು. ಮೊದಲ ಸಲದ್ದಕ್ಕೂ ಈಗಿನದಕ್ಕೂ 5 ಡೆಸಿಬೆಲ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಎದುರಿನವರಿಗೆ ನಾವು ಹೇಳಿದ್ದು ಸರಿಯಾಗಿ ಅರ್ಥವಾಗಿಲ್ಲ, ಇಲ್ಲವೇ ಅವರಿಗೆ ಸುಸ್ತಾಗಿದೆ. ಟೋನ್ ಕೊಡುವಾಗ ಒಂದೇ ತಾಳದಲ್ಲಿ ಕೊಡಬಾರದು. ಜನ ತಾಳ ಹಿಡಿದು, ಶಬ್ದ ಕೇಳದಿದ್ದರೂ ಬಟನ್ ಒತ್ತಿಬಿಡುತ್ತಾರೆ.

ಇಲ್ಲಿಯವರೆಗೂ ಸುಲಭ. ಮಾಸ್ಕಿಂಗ್ ಬಂದಾಗ ಇಡೀ ಬ್ಯಾಚ್ ತಲೆ ಕೆರೆದುಕೊಂಡಿತು.

ಒಬ್ಬರಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಚೆನ್ನಾಗಿದೆ ಅಂದುಕೊಳ್ಳಿ. ಎಡಗಿವಿಗೆ ಮಾಮೂಲಿ ಹೆಡ್‌ಫೋನಿನಲ್ಲಿ ಶಬ್ದ ಏರಿಸುತ್ತಾ ಹೋದರೆ 50, 60 ಡೆಸಿಬೆಲ್ ಸುಮಾರಿಗೆ ಬಟನ್ ಒತ್ತುತ್ತಾರೆ. ಎಡಗಿವಿಗೆ ಕೇಳಿಸಿತಾ? ಇಲ್ಲ. ಶಬ್ದ ತಲೆಬುರುಡೆಯನ್ನು ನಡುಗಿಸಿ, ಆಚೆ ದಾಟಿ, ಬಲಗಿವಿಯ ಒಳಭಾಗಕ್ಕೆ ತಲುಪಿದೆ. ಅವರು ಸುಳ್ಳು ಹೇಳಿಲ್ಲ. ಮೆಷಿನ್ನೂ ಕೆಟ್ಟಿಲ್ಲ. ಆದರೂ ಕಾಗದದ ಮೇಲೆ ಬಂದಿರುವುದು ಬಲಗಿವಿಯ ನೆರಳು. ಇನ್ನು ನಡುಕಿವಿಯನ್ನು ಬಿಟ್ಟು, ಮೂಳೆಯ ಮೂಲಕ ನೇರವಾಗಿ ಒಳಕಿವಿಯನ್ನು ಪರೀಕ್ಷಿಸುವ ವೈಬ್ರೇಟರ್ ಇಟ್ಟರಂತೂ ಕೇಳುವುದೇ ಬೇಡ. ಒಂದು ಕಿವಿಯ ಹಿಂದೆ ಇಟ್ಟರೂ ಎರಡೂ ಒಳಕಿವಿಗಳಿಗೆ ಸರಿಸುಮಾರು ಒಂದೇ ಜೋರಿನಲ್ಲಿ ತಲುಪುತ್ತದೆ. ಹಾಗಾಗಿ ಎಡಗಿವಿಯ ಮೂಳೆ ಟೆಸ್ಟ್ ನಾರ್ಮಲ್ ಅಂತ ಬರುತ್ತದೆ. ಎರಡನ್ನೂ ಸೇರಿಸಿ ಓದಿದವರು "ನರ ಚೆನ್ನಾಗಿದೆ, ನಡುಕಿವಿಯಲ್ಲಿ ತೊಂದರೆ, ಆಪರೇಷನ್ ಮಾಡಿದರೆ ಸರಿಹೋಗಬಹುದು" ಅಂತ ಹೇಳಿಬಿಡಬಹುದು. ಸತ್ತ ಕಿವಿಗೆ ಆಪರೇಷನ್!

ಅದಕ್ಕೇ ಒಳ್ಳೆಯ ಕಿವಿಗೆ ಸುಯ್ಯೆನ್ನುವ ನಾಯ್ಸ್ ಕೊಟ್ಟು ಅದನ್ನು ಆಟದಿಂದ ಹೊರಗಿಡಬೇಕು. ಎಷ್ಟು ಕೊಡಬೇಕು ಅನ್ನೋದೇ ಕಷ್ಟ. ಕಡಿಮೆಯಾದರೆ ಒಳ್ಳೆಯ ಕಿವಿ ಇನ್ನೂ ಕದ್ದು ಕೇಳುತ್ತಿರುತ್ತದೆ. ಜಾಸ್ತಿಯಾದರೆ ಆ ನಾಯ್ಸೇ ತಲೆಬುರುಡೆ ದಾಟಿ ಬಂದು ನಾವು ಪರೀಕ್ಷಿಸುತ್ತಿರುವ ಕಿವಿಯನ್ನೇ ಮುಚ್ಚುತ್ತದೆ. ನಾಯ್ಸ್ ಏರಿಸಬೇಕು, ಟೋನ್ ಇನ್ನೂ ಕೇಳುತ್ತಾ ನೋಡಬೇಕು. ಕೇಳದಿದ್ದರೆ ಟೋನ್ ಏರಿಸಬೇಕು, ಮತ್ತೆ ನಾಯ್ಸ್. ಒಂದು ಹಂತದಲ್ಲಿ ನಾಯ್ಸ್ ಏರಿಸುತ್ತಾ ಹೋದರೂ ಟೋನ್ ಕದಲುವುದಿಲ್ಲ. ಆ ಸಮತಟ್ಟು ಜಾಗಕ್ಕೆ ಪ್ಲಾಟೊ ಅನ್ನುತ್ತಾರೆ. ಆ ಕಿವಿಯ ನಿಜವಾದ ಮಟ್ಟ ಅದು. ಎರಡೂ ನಡುಕಿವಿಗಳಲ್ಲಿ ದೊಡ್ಡ ತೊಂದರೆ ಇರುವವರಲ್ಲಿ ಪ್ಲಾಟೊ ಸಿಗದೇ ಹೋಗಬಹುದು. ಬೇಕಾದ ಕನಿಷ್ಠ ನಾಯ್ಸೇ ಅಲ್ಲಿ ಜಾಸ್ತಿಯಾಗಿರುತ್ತದೆ. ಇದಕ್ಕೆ ಮಾಸ್ಕಿಂಗ್ ಡೈಲೆಮಾ ಅಂತ ಹೆಸರು. ಕಿವಿಯೊಳಗೆ ಕೂರುವ ಇನ್ಸರ್ಟ್ ಇಯರ್‌ಫೋನ್ ಬಳಸಿದರೆ ಶಬ್ದ ಅಷ್ಟು ಸುಲಭವಾಗಿ ದಾಟುವುದಿಲ್ಲ, ಕಷ್ಟ ಸ್ವಲ್ಪ ಕಡಿಮೆ. ಪುಸ್ತಕದಲ್ಲಿ ಓದಿ ಮಾಸ್ಕಿಂಗ್ ಬಂದವರನ್ನು ನಾನು ಕಂಡಿಲ್ಲ. ನಾವು ಒಬ್ಬರಿಗೊಬ್ಬರು ಹೆಡ್‌ಫೋನ್ ಹಾಕಿ, ಒಂದು ಕಿವಿಗೆ ಪ್ಲಗ್ ತುರುಕಿ, ಸಂಜೆ ಟೆಸ್ಟ್ ಮಾಡುವ ಬೂತ್ ಖಾಲಿಯಾದ ಮೇಲೆ ಮಾಡಿ ಮಾಡಿ ಕಲಿತೆವು.

ಬೇಕೆಂದೇ ಕೇಳಿಸದ ಹಾಗೆ ನಟಿಸುವವರೂ ಬರುತ್ತಾರೆ. ಒಂದು ಕಿವಿ ಕೇಳಿಸುವುದಿಲ್ಲ ಅನ್ನುವವರಿಗೆ ಸ್ಟೆಂಗರ್ ಅಂತ ಒಂದು ಟೆಸ್ಟ್ ಇದೆ. ನನಗೆ ತುಂಬಾ ಇಷ್ಟವಾದದ್ದು. ಒಂದೇ ಟೋನನ್ನು ಎರಡೂ ಕಿವಿಗೆ ಒಟ್ಟಿಗೆ ಕೊಟ್ಟರೆ, ಜೋರಾಗಿರುವ ಕಡೆಯದು ಮಾತ್ರ ನಮ್ಮ ಅರಿವಿಗೆ ಬರುತ್ತದೆ. ಒಳ್ಳೆಯ ಕಿವಿಗೆ ಅದರ ಮಟ್ಟಕ್ಕಿಂತ 10 ಡೆಸಿಬೆಲ್ ಮೇಲೆ ಕೊಡುತ್ತೇವೆ. "ಕೆಟ್ಟ" ಕಿವಿಗೆ ಅವರು ಒಪ್ಪಿಕೊಂಡ ಮಟ್ಟಕ್ಕಿಂತ 10 ಕೆಳಗೆ. ನಿಜವಾಗಿ ಕೇಳಿಸದವರು ಒಳ್ಳೆಯ ಕಿವಿಯಲ್ಲಿ ಕೇಳಿ ಬಟನ್ ಒತ್ತುತ್ತಾರೆ. ನಟಿಸುವವರಿಗೆ ಟೋನ್ ಕೇಳಿಸುವುದು ಕೆಟ್ಟ ಕಿವಿಯಲ್ಲಿ ಮಾತ್ರ. ಹಾಗಾಗಿ ಸುಮ್ನೆ ಕೂರುತ್ತಾರೆ. ಒಳ್ಳೆಯ ಕಿವಿಗೂ ಟೋನ್ ಹೋಗುತ್ತಿದೆ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ. ಆ ಮೌನವೇ ನಮಗೆ ಉತ್ತರ. ಆದರೆ ಸಿಕ್ಕಿಬಿದ್ದರು ಅಂತ ಖುಷಿಪಡಬಾರದು ಅಂತ ನಮಗೆ ಖಡಾಖಂಡಿತವಾಗಿ ಹೇಳಿದ್ದರು. ಶಾಲೆಗೆ ಹೋಗುವ ಮಗು ಹೀಗೆ ಮಾಡುತ್ತಿದ್ದರೆ ಅದರ ಹಿಂದೆ ಬೇರೆ ಯಾವುದೋ ಕಷ್ಟ ಇರಬಹುದು. ಅದನ್ನೂ ಕೇಳಬೇಕು.

1976ರಲ್ಲಿ ಜರ್ಗರ್ ಮತ್ತು ಹೇಯ್ಸ್ ಮಕ್ಕಳ ಪರೀಕ್ಷೆ ಬಗ್ಗೆ ಒಂದು ನಿಯಮ ಹೇಳಿದರು, ಕ್ರಾಸ್‌ಚೆಕ್ ಅಂತ. ಯಾವುದೇ ಒಂದು ಟೆಸ್ಟಿನ ಫಲಿತಾಂಶವನ್ನು, ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಟೆಸ್ಟ್ ಹೌದು ಅನ್ನುವವರೆಗೆ ಒಪ್ಪಬಾರದು. ವೈವಾದಲ್ಲಿ ಇದನ್ನು ಹೇಳೋದು ಸುಲಭ. ಹಸುಗೂಸಿನ ಎದುರು ಕೂತಾಗ ಮಾತ್ರ ಇದರ ಬೆಲೆ ತಿಳಿಯುತ್ತದೆ, ಯಾಕೆಂದರೆ ಅದು ಬಟನ್ ಒತ್ತುವುದಿಲ್ಲ.

ಶಬ್ದಕ್ಕೆ ನರ ಮತ್ತು ಮೆದುಳು ಕೊಡುವ ವಿದ್ಯುತ್ ಉತ್ತರವನ್ನು ಅಳೆಯುವ ಟೆಸ್ಟ್ ಎಬಿಆರ್. ಹಸುಗೂಸಿನ ಎಬಿಆರ್ ಅಂದರೆ ಅರ್ಧ ಕೆಲಸ ಮಗು ಮಲಗಿಸೋದು. ಹಸಿವಾಗಿರುವಾಗ ಬರಲಿ, ಇಲ್ಲಿಗೆ ಬಂದ ಮೇಲೆ ಹಾಲು ಕೊಡಲಿ ಅಂತ ತಾಯಂದಿರಿಗೆ ಮೊದಲೇ ಹೇಳಿರುತ್ತೇವೆ. ಹಣೆ ಮತ್ತು ಕಿವಿ ಹಿಂದಿನ ಚರ್ಮವನ್ನು ಜೆಲ್ ಹಾಕಿ ನಯವಾಗಿ ಉಜ್ಜಿ ಎಲೆಕ್ಟ್ರೋಡ್ ಅಂಟಿಸಬೇಕು. ಇಂಪೀಡೆನ್ಸ್, ಅಂದರೆ ಕರೆಂಟಿಗೆ ಚರ್ಮ ಒಡ್ಡುವ ತಡೆ, 5 ಕಿಲೋಓಮ್‌ಗಿಂತ ಕಡಿಮೆ ಬರಬೇಕು. ಉಜ್ಜಿದ್ದು ಕಮ್ಮಿಯಾದರೆ ಬರುವುದಿಲ್ಲ, ಜಾಸ್ತಿಯಾದರೆ ಮಗು ಎದ್ದುಬಿಡುತ್ತದೆ. ಆಮೇಲೆ ಕಿವಿಗೆ ಸಾವಿರಾರು ಕ್ಲಿಕ್. ಮೆದುಳುಕಾಂಡದಿಂದ ಬರುವ ಉತ್ತರ ಒಂದು ಮೈಕ್ರೋವೋಲ್ಟ್‌ಗಿಂತಲೂ ಚಿಕ್ಕದು. ಮಗುವಿನ ಉಸಿರು, ಕತ್ತಿನ ಸ್ನಾಯು, ಗೋಡೆಯೊಳಗಿನ ಕರೆಂಟ್, ಎಲ್ಲವೂ ಅದಕ್ಕಿಂತ ದೊಡ್ಡವು. ಸಾವಿರಾರು ಉತ್ತರಗಳ ಸರಾಸರಿ ತೆಗೆದಾಗ ಗದ್ದಲ ಕರಗಿ ಅಲೆ ಉಳಿಯುತ್ತದೆ. ಎಲ್ಲವೂ ಕ್ಲಿಕ್ ಆದ 10 ಮಿಲಿಸೆಕೆಂಡಿನೊಳಗೆ. ನಾವು ಹುಡುಕೋದು ಮುಖ್ಯವಾಗಿ ಐದನೇ ಅಲೆಯನ್ನು. ಶಬ್ದ ಇಳಿಸುತ್ತಾ ಹೋದರೂ ಅದು ಕೊನೆಯವರೆಗೆ ನಿಲ್ಲುತ್ತದೆ, ಸ್ವಲ್ಪ ತಡವಾಗಿ ಬರುತ್ತದೆ ಅಷ್ಟೇ. ಒಂದು ಸಲ ಕಂಡರೆ ಸಾಲದು. ಇನ್ನೊಂದು ಸಲ ಓಡಿಸಿ ಒಂದರ ಮೇಲೊಂದು ಇಟ್ಟು ನೋಡಬೇಕು. ಹುಡುಕುವ ಕಣ್ಣಿಗೆ ಗದ್ದಲದಲ್ಲೂ ಅಲೆ ಕಾಣುತ್ತದೆ, ಅಲ್ವಾ?

ಇದರ ಜೊತೆಗೆ ಒಎಇ ಮಾಡುತ್ತೇವೆ. ಕಿವಿಯೇ ಹೊರಡಿಸುವ ಶಬ್ದವನ್ನು ಅಳೆಯೋದು. ಇದರ ಹಿಂದಿನ ಕಥೆ ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಹಿಡಿಸಿತ್ತು. ಒಳಕಿವಿಯಲ್ಲಿ ಅಲೆ ಹೇಗೆ ಚಲಿಸುತ್ತದೆ ಅಂತ ತೋರಿಸಿದ ಬೇಕೆಸಿಗೆ 1961ರಲ್ಲಿ ನೊಬೆಲ್ ಬಂತು. ಆದರೆ ಅವರು ನೋಡಿದ್ದು ಸತ್ತವರ ಕಿವಿಗಳನ್ನು. ಒಳಕಿವಿ ಸುಮ್ನೆ ಶಬ್ದ ಹಿಡಿಯುವುದಿಲ್ಲ, ತಾನೇ ಶಕ್ತಿ ಹಾಕಿ ದೊಡ್ಡದು ಮಾಡುತ್ತಿರಬೇಕು ಅಂತ ಥಾಮಸ್ ಗೋಲ್ಡ್ 1948ರಲ್ಲೇ ಹೇಳಿದ್ದರು. ಆಗ ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. 1978ರಲ್ಲಿ ಡೇವಿಡ್ ಕೆಂಪ್ ಕಿವಿಯ ನಾಳಕ್ಕೆ ಮೈಕ್ ಇಟ್ಟು ಕಿವಿಯಿಂದ ಹೊರಬರುವ ಶಬ್ದವನ್ನು ರೆಕಾರ್ಡ್ ಮಾಡಿದರು. ಈಗ ಬಹಳ ಕಡೆ ನವಜಾತ ಶಿಶುಗಳ ಸ್ಕ್ರೀನಿಂಗ್ ಅದರ ಮೇಲೆ ನಡೆಯುತ್ತದೆ.

ಒಎಇ ಚೆನ್ನಾಗಿ ಬಂದು, ಎಬಿಆರ್‌ನಲ್ಲಿ ಅಲೆಯೇ ಇಲ್ಲದಿದ್ದರೆ? ಮೊದಲ ಸಲ ಹೀಗೆ ಕಂಡಾಗ ಎಲ್ಲರಿಗೂ ಮೆಷಿನ್ ಮೇಲೇ ಅನುಮಾನ. ಮೆಷಿನ್ ಸರಿಯಿದ್ದರೆ ಅದು ಆಡಿಟರಿ ನ್ಯೂರೋಪತಿ ಇರಬಹುದು. ಒಳಕಿವಿಯಲ್ಲಿ ಶಬ್ದವನ್ನು ದೊಡ್ಡದು ಮಾಡುವ ಹೊರ ರೋಮಕೋಶಗಳು ಕೆಲಸ ಮಾಡುತ್ತಿವೆ, ಸಂದೇಶ ಮಾತ್ರ ನರದಲ್ಲಿ ಒಂದೇ ಲಯದಲ್ಲಿ ಸಾಗುತ್ತಿಲ್ಲ. ಒಎಇ ಒಂದನ್ನೇ ಮಾಡಿದ್ದರೆ ಮಗುವನ್ನು ಪಾಸ್ ಅಂತ ಮನೆಗೆ ಕಳಿಸುತ್ತಿದ್ದೆವು. ಕಿವಿನಾಳದಲ್ಲಿ ಪ್ರೋಬ್ ಇಟ್ಟು, ಗಾಳಿಯ ಒತ್ತಡ ಬದಲಿಸಿ ತಮಟೆ ಎಷ್ಟು ಅಲುಗುತ್ತದೆ ಅಂತ ನೋಡುವ ಟಿಂಪನೋಮೆಟ್ರಿಯೂ ಹಾಗೇ. ಚಪ್ಪಟೆ ಗೆರೆ ಬಂದರೆ ನಡುಕಿವಿಯಲ್ಲಿ ನೀರಿದೆ ಅಂತ ಅಂದುಬಿಡೋದು ಸುಲಭ. ಪಕ್ಕದಲ್ಲೇ ಬರುವ ವಾಲ್ಯೂಮ್, ಅಂದರೆ ಪ್ರೋಬ್ ಮುಂದಿರುವ ಜಾಗದ ಗಾತ್ರ, ನೋಡಬೇಕು. ಅದು ತುಂಬಾ ದೊಡ್ಡದಿದ್ದರೆ ತಮಟೆ ತೂತಾಗಿದೆ. ತೀರಾ ಚಿಕ್ಕದಿದ್ದರೆ ಗುಗ್ಗೆ ಅಡ್ಡ ಇದೆ, ಇಲ್ಲವೇ ಪ್ರೋಬ್ ಗೋಡೆಗೆ ತಾಗಿದೆ. 6 ತಿಂಗಳೊಳಗಿನ ಮಗುವಿಗೆ ಮಾಮೂಲಿ 226 ಹರ್ಟ್ಜ್ ಬಿಟ್ಟು 1000 ಹರ್ಟ್ಜ್ ಟೋನ್ ಬಳಸಬೇಕು. ಇಲ್ಲದಿದ್ದರೆ ನೀರಿದ್ದರೂ ನಾರ್ಮಲ್ ಥರ ಕಾಣಬಹುದು.

ಹಿಯರಿಂಗ್ ಏಡ್ ಪೋಸ್ಟಿಂಗ್ ಬಗ್ಗೆ ನನಗೆ ಮೊದಲು ಅಷ್ಟೇನೂ ಆಸಕ್ತಿ ಇರಲಿಲ್ಲ. ಅದು ಅಂಗಡಿ ಕೆಲಸ ಅನ್ನೋ ಭಾವನೆ ಕ್ಲಾಸಿನಲ್ಲಿತ್ತು. ಆದರೆ ಅತಿ ಹೆಚ್ಚು ವಿಜ್ಞಾನ ಇದ್ದದ್ದು ಅಲ್ಲೇ. ಹೊರ ರೋಮಕೋಶಗಳು ಹೋದವರಿಗೆ ಸಣ್ಣ ಶಬ್ದ ಕೇಳುವುದಿಲ್ಲ, ದೊಡ್ಡ ಶಬ್ದ ಮಾತ್ರ ನಮ್ಮಷ್ಟೇ ಜೋರು. "ಕೇಳಿಸಲ್ಲ, ಜೋರಾಗಿ ಹೇಳು" ಅಂದವರೇ ಮರುಕ್ಷಣ "ಯಾಕೆ ಕಿರುಚ್ತೀಯ" ಅನ್ನೋದು ಇದಕ್ಕೇ. ಹಾಗಾಗಿ ಎಲ್ಲ ಶಬ್ದವನ್ನೂ ಒಂದೇ ಅಳತೆಯಲ್ಲಿ ಏರಿಸಿದರೆ ಆಗುವುದಿಲ್ಲ. ಕಂಪನಿಯ ಸಾಫ್ಟ್‌ವೇರ್ ಆಡಿಯೋಗ್ರಾಮ್ (ಪ್ಯೂರ್ ಟೋನ್ ಟೆಸ್ಟಿನ ಫಲಿತಾಂಶದ ನಕ್ಷೆ) ನೋಡಿ ಒಂದು ಸೆಟ್ಟಿಂಗ್ ಕೊಡುತ್ತದೆ. ಬಹಳ ಕಡೆ ಅಲ್ಲಿಗೇ ಮುಗಿಸುತ್ತಾರೆ. ನಮ್ಮ ಸೂಪರ್‌ವೈಸರ್ ಬಿಡುತ್ತಿರಲಿಲ್ಲ. ತಮಟೆಯಿಂದ 5 ಮಿಲಿಮೀಟರಿನೊಳಗೆ ಬರುವ ಹಾಗೆ ತೆಳ್ಳಗಿನ ಪ್ರೋಬ್ ಟ್ಯೂಬ್ ಇಟ್ಟು, ಈ ಕಿವಿಯಲ್ಲಿ ನಿಜವಾಗಿ ಎಷ್ಟು ಶಬ್ದ ತಲುಪುತ್ತಿದೆ ಅಂತ ಅಳೆಯಲೇಬೇಕು. ಪರದೆಯಲ್ಲಿ ಬೇಕಾದ ಗೆರೆ ಒಂದು ಕಡೆ, ಬಂದ ಗೆರೆ ಇನ್ನೊಂದು ಕಡೆ. ಎರಡೂ ತಾನಾಗಿ ಕೂಡಿದ್ದನ್ನು ನಾನು ನೋಡಿದ್ದು ಅಪರೂಪ. ಮಗುವಿನ ಕಿವಿನಾಳ ಚಿಕ್ಕದು. ಅದೇ ಏಡ್, ಅದೇ ಸೆಟ್ಟಿಂಗ್, ಮಗುವಿನ ಕಿವಿಯಲ್ಲಿ ದೊಡ್ಡವರಿಗಿಂತ ಜೋರಾಗುತ್ತದೆ.

ಬ್ಯಾಲೆನ್ಸ್ ಪರೀಕ್ಷೆ, ಕಾಕ್ಲಿಯರ್ ಇಂಪ್ಲಾಂಟ್ ಮ್ಯಾಪಿಂಗ್ ಎಲ್ಲ ಇದ್ದವು. ಅವು ಬೇರೆಯದೇ ಲೋಕ, ಇಲ್ಲಿ ಬೇಡ.

ಕ್ಲಾಸಿನಲ್ಲಿ ಸರಿಯಾಗಿ ಕಲಿಸದೇ ಬಿಟ್ಟದ್ದು ಅಪ್ಪ ಅಮ್ಮಂದಿರಿಗೆ ವಿಷಯ ಹೇಳೋದು. "ನಿಮ್ಮ ಮಗುವಿಗೆ ಕೇಳಿಸುತ್ತಿಲ್ಲ" ಅಂದ ಮೇಲೆ ನಾವು ಹೇಳುವ ಮುಂದಿನ ಯಾವ ಮಾತೂ ಅವರ ತಲೆಗೆ ಹೋಗುವುದಿಲ್ಲ. ಒಂದು ತಿಂಗಳೊಳಗೆ ಸ್ಕ್ರೀನಿಂಗ್, 3ರೊಳಗೆ ರೋಗನಿರ್ಣಯ, 6ರೊಳಗೆ ಏಡ್ ಮತ್ತು ಥೆರಪಿ ಅನ್ನೋ ಗುರಿ ನಮ್ಮ ತಲೆಯಲ್ಲಿ ಓಡುತ್ತಿರುತ್ತದೆ. ಹಾಗಾಗಿ ಒಂದೇ ಉಸಿರಿಗೆ ಎಲ್ಲ ಹೇಳಿಬಿಡುವ ಅವಸರ. ನನ್ನ ಸೂಪರ್‌ವೈಸರ್ ಒಂದು ವಾಕ್ಯ ಹೇಳಿ ಸುಮ್ಮನಾಗುತ್ತಿದ್ದರು. ಅವರಾಗಿ ಏನಾದರೂ ಕೇಳುವವರೆಗೆ ಕಾಯುತ್ತಿದ್ದರು. ಮುಂದಿನ ಹೆಜ್ಜೆಗಳನ್ನು ಕಾಗದದಲ್ಲಿ ಬರೆದುಕೊಟ್ಟು, ಮರುವಾರ ಮತ್ತೆ ಕರೆಸುತ್ತಿದ್ದರು. ಅದನ್ನು ನೋಡಿಯೇ ಕಲಿತೆ.

ಈ ಕೋರ್ಸ್ ಸೇರಬೇಕು ಅಂತಿರುವವರು ಕಾಲೇಜಿನ ಕಟ್ಟಡಕ್ಕಿಂತ ಕ್ಲಿನಿಕ್ ನೋಡಿ. ಚಿಕ್ಕ ಮಕ್ಕಳ ಕೇಸು ವಿದ್ಯಾರ್ಥಿಗಳ ಕೈಗೆ ಬರುತ್ತಾ, ಇಲ್ಲ ದೂರದಿಂದ ನೋಡೋದಷ್ಟೇನಾ ಅಂತ ಸೀನಿಯರ್‌ಗಳನ್ನು ಕೇಳಿ. ಒಬ್ಬ ಸೂಪರ್‌ವೈಸರ್ ಕೆಳಗೆ ಎಷ್ಟು ಜನ ಇದ್ದಾರೆ ಕೇಳಿ. ಏಡ್‌ನ ಶಬ್ದವನ್ನು ಕಿವಿಯೊಳಗೇ ಅಳೆಯುವ ರಿಯಲ್ ಇಯರ್ ಮೆಷಿನ್ ಇದೆ ಅಂದರೆ ಅದರ ಪ್ರೋಬ್ ಟ್ಯೂಬ್ ಎಲ್ಲಿಟ್ಟಿದ್ದಾರೆ ಅಂತಲೂ ನೋಡಿ. ದಿನಾ ಬಳಸುವ ಕಡೆ ಆ ಡಬ್ಬ ಮೆಷಿನ್ ಪಕ್ಕದಲ್ಲೇ ತೆರೆದಿರುತ್ತದೆ.