ಖಡಕ್ ರೊಟ್ಟಿ, ಸಕ್ಕರೆ ಮತ್ತು ಗುಲ್ಮಾರ್ಗದ ಹಿಮ

ಹಿಮ ಹೆಂಗ ಕುಸೀತದ ಅಂತ ಅವ್ವ ಕೇಳಿದಾಗ ಧಾರವಾಡದ ನಮ್ಮ ಅಡುಗೆಮನೆಯಲ್ಲೇ ತೋರಿಸಿದೆ. ತಾಟಿನಲ್ಲಿ ಸಕ್ಕರೆ ಹರವಿ, ಮೇಲೊಂದು ಖಡಕ್ ರೊಟ್ಟಿ ಇಟ್ಟು, ತಾಟು ಓರೆ ಮಾಡಿದೆ. ರೊಟ್ಟಿ ಕದಲಲಿಲ್ಲ. ಬೆರಳಿಂದ ಒತ್ತಿದ್ದೇ ತಡ, ಸರ್ರನೆ ಜಾರಿ ಕಟ್ಟೆಗೆ ಬಿತ್ತು. "ಆ ಬೆರಳು ನೀನ ಹೌದಿಲ್ಲೋ?" ಅಂದಳು ಅವ್ವ.

ಹೌದು. ರೊಟ್ಟಿ ಅಂದರೆ ಮೇಲಿನ ಗಟ್ಟಿ ಹಿಮ, ಸಕ್ಕರೆ ಅಂದರೆ ಅದರಡಿಯ ಸಡಿಲ ಪದರ, ಬೆರಳು ನಾವು. ಸ್ಕೀ ಹಾಕಿಕೊಂಡು ಬೆಟ್ಟ ಹತ್ತುವವರು ಸಿಕ್ಕಿಬೀಳುವ ಕುಸಿತಗಳಲ್ಲಿ ಹೆಚ್ಚಿನವನ್ನು ಅವರೇ ಎಬ್ಬಿಸಿರುತ್ತಾರೆ, ಇಲ್ಲಾ ಜೊತೆಗಿದ್ದವರು.

ಬೆಳಿಗ್ಗೆ ಮೊದಲು ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಕೊಡುವ ಹಿಮಕುಸಿತದ ಮುನ್ಸೂಚನೆ ನೋಡಿ. ಅಪಾಯದ ಮಟ್ಟ 1ರಿಂದ 5. ಮೂರು ಅಂದರೆ ಮಧ್ಯಮ ಅಂತ ಸಮಾಧಾನ ಬೇಡ, ಅದು ಜಾಸ್ತಿನೇ.

ಆಮೇಲೆ ಇಳಿಜಾರು. ಜಾರುವ ಹಿಮ ಬಹುತೇಕ 30ರಿಂದ 45 ಡಿಗ್ರಿಯದ್ದು. ಕೋಲನ್ನು ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಫೋನಿಟ್ಟು ಅಳೆಯಿರಿ. ಕಣ್ಣಳತೆ ನಂಬಬೇಡಿ. ಹುಬ್ಬಳ್ಳಿಯ ನೃಪತುಂಗ ಬೆಟ್ಟದಲ್ಲಿ ನಾನು 35 ಅಂದುಕೊಂಡ ಜಾಗ ಫೋನಿನಲ್ಲಿ 24 ಬಂತು! ಕಾಲ ಕೆಳಗೆ 30ಕ್ಕಿಂತ ಕಮ್ಮಿ ಇದ್ದರೆ ಸಾಲದು, ತಲೆಯ ಮೇಲಿರುವ ಇಳಿಜಾರನ್ನೂ ನೋಡಬೇಕು.

ದಾರಿಯಲ್ಲಿ ಕಿವಿ ತೆರೆದಿರಲಿ. ಕಾಶ್ಮೀರದ ಗುಲ್ಮಾರ್ಗದಲ್ಲಿರುವ ಅಫರ್ವಟ್ ಬೆಟ್ಟದ ಪಕ್ಕದಲ್ಲಿ ಒಂದು ಬೆಳಿಗ್ಗೆ, ಆಕಾಶ ನೀಲಿ, ರಾತ್ರಿಯೆಲ್ಲ ಗಾಳಿ ಬೀಸಿತ್ತು. ಕಾಲ ಕೆಳಗೆ 'ವುಂಫ್' ಅಂತು. ಅಟ್ಟದ ಮೇಲೆ ಜೋಳದ ಚೀಲ ಒಗೆದ ಸದ್ದು. ಸ್ಕೀ ತುದಿಯಿಂದ ಬಿರುಕು ಓಡಿತು, ಬೇಸಿಗೆಯ ಎರೆಹೊಲದಲ್ಲಿ ಬಿಡುವಂಥದ್ದೇ. ಇಳಿಜಾರು ಕಮ್ಮಿ ಇತ್ತು, ಬದುಕಿದೆವು. ವಿಮಾನದ ದುಡ್ಡು ದಂಡ ಅಂತ ಗೆಳೆಯ ಗೊಣಗಿದ. ಗೊಣಗಲಿ, ತಿರುಗಿ ಬಂದೆವು. ಅದು ಅಡಿಯ ಸಡಿಲ ಪದರ ಕುಸಿದ ಸದ್ದು. ಅದನ್ನು ಕೇಳಿದ ಮೇಲೆ ಹಿಮದಲ್ಲಿ ಗುಂಡಿ ತೋಡಿ ಪದರ ನೋಡುವ ಅಗತ್ಯವೂ ಇಲ್ಲ. ಹತ್ತಿರದಲ್ಲಿ ಹೊಸ ಕುಸಿತ ಕಂಡರೂ ಅಷ್ಟೇ.

ಗುಂಡಿ ತೋಡುವುದಾದರೆ ಹತ್ತಬೇಕಾದ ಇಳಿಜಾರಿನ ದಿಕ್ಕಿಗೇ ಮುಖ ಮಾಡಿದ, ಆದರೆ ಸುರಕ್ಷಿತವಾದ ಜಾಗ ಹುಡುಕಿ. ಅಡಿಯ ಪದರವನ್ನು ಮುಷ್ಟಿಯಲ್ಲಿ ಹಿಡಿಯಿರಿ. ಉಂಡೆ ಕಟ್ಟದೆ ಬೆರಳ ಸಂದಿಯಿಂದ ಸುರಿದರೆ ಅದೇ ಅವ್ವನ ತಾಟಿನ ಸಕ್ಕರೆ. ತೆಳು ಹಿಮದ ಮೇಲೆ ಕೊರೆಯುವ ಚಳಿ ಬಿದ್ದಾಗ ಹೀಗಾಗುತ್ತದೆ. ಈಗ 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಒಳಕ್ಕೆ ಒಂದು ಕಂಬ ಬಿಡಿಸಿ. ಹಿಂಬದಿ ಕತ್ತರಿಸಲು ಗಂಟು ಹಾಕಿದ ಹುರಿ ಸಾಕು. ಒಂದು ತುದಿಯಲ್ಲಿ ಸಲಿಕೆ ಇಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಏಟು ಹಾಕಿ. ಬಿರುಕು ಹುಟ್ಟಿದ ಏಟಿಗೇ ಅಥವಾ ಮರು ಏಟಿಗೆ ಆಚೆ ತುದಿಯವರೆಗೆ ಓಡಿದರೆ ವಾಪಸ್. ಓಡದಿದ್ದರೆ? ಹೋಗಬಹುದು ಅಂತಲ್ಲ. ಗುಂಡಿಗೆ ಆ ಒಂದು ಜಾಗದ ಸುದ್ದಿ ಮಾತ್ರ ಗೊತ್ತು. ಅದು 'ಬೇಡ' ಅಂದರೆ ಕೇಳುತ್ತೇನೆ, 'ಹೋಗು' ಅಂದರೆ ಮತ್ತೆ ಡಿಗ್ರಿ ಅಳೆಯುತ್ತೇನೆ.

ಟ್ರಾನ್ಸೀವರ್ (ಹೂತವರ ಜಾಗ ಹುಡುಕಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆ ಕೋಲು), ಸಲಿಕೆ ಪ್ರತಿಯೊಬ್ಬರ ಹತ್ತಿರವೂ ಬೇಕು. ದಾಟುವಾಗ ಒಬ್ಬೊಬ್ಬರಾಗಿ. ಹಿಮದಡಿ ಹೂತುಹೋದವರನ್ನು ಹತ್ತು ನಿಮಿಷದೊಳಗೆ ತೆಗೆಯಬೇಕು, ತಡವಾದಷ್ಟೂ ಉಸಿರಿನ ಆಸೆ ಕಮ್ಮಿ. ಇದನ್ನು ಊರಲ್ಲೇ ರೂಢಿ ಮಾಡಬಹುದು. ಮೈದಾನದಲ್ಲಿ ಟ್ರಾನ್ಸೀವರ್ ಇಟ್ಟ ಗೋಣಿಚೀಲ ಅಡಗಿಸಿ ಹುಡುಕುತ್ತೇವೆ. ಕ್ರಿಕೆಟ್ ಆಡುವ ಹುಡುಗರು ನಿಧಿ ಹುಡುಕ್ಯಾರ ಅಂತ ನಗುತ್ತಾರೆ.